ಅಮ್ಮನ ಉಸಿರಿನ ಲೆಕ್ಕ: ಉಬ್ಬಸ, ಸಿಒಪಿಡಿ ಇರುವವರನ್ನು ಮನೆಯ ಸ್ಮಾರ್ಟ್‌ಫೋನ್‌ನಿಂದ ಗಮನಿಸುವುದು ಹೇಗೆ?

ನಮ್ಮಮ್ಮ ಶಿಡ್ಲಘಟ್ಟದ ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಘಟಕ) ಒಂದರಲ್ಲಿ ಇಪ್ಪತ್ತೆರಡು ವರ್ಷ ನೂಲು ತೆಗೆದವಳು. ದಿನವೆಲ್ಲ ಗೂಡು ಬೇಯಿಸುವ ಒಲೆಯ ಹೊಗೆ ಮತ್ತು ಹಬೆ. ಸಂಜೆ ಮನೆಗೆ ಬಂದರೆ ಸೌದೆ ಒಲೆ. ಬೀಡಿ ಮುಟ್ಟಿದವಳಲ್ಲ. ಆದರೂ ಮೂರು ವರ್ಷದ ಹಿಂದೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದ ಡಾಕ್ಟರು ಸಿಒಪಿಡಿ ಅಂದರು. ಅಂದರೆ ಉಸಿರಿನ ದಾರಿ ಕಿರಿದಾಗಿ ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ. ನಮ್ಮ ಕಡೆ ಉಬ್ಬಸ, ಸಿಒಪಿಡಿ ಎರಡನ್ನೂ ಸೇರಿಸಿ 'ದಮ್ಮು' ಅಂತಲೇ ಕರೆಯುತ್ತಾರೆ.

ದಮ್ಮು ಹೆಚ್ಚಾಗುವ ಮೊದಲು ಹಲವು ಸಲ ಎರಡು ಮೂರು ದಿನ ಸುಳಿವು ಕೊಡುತ್ತದೆ. ನಡಿಗೆ ನಿಧಾನವಾಗುತ್ತದೆ. ಮಾತಿನ ಮಧ್ಯೆ ಉಸಿರು ಎಳೆಯುತ್ತಾರೆ. ರಾತ್ರಿ ಕೆಮ್ಮು ಜಾಸ್ತಿಯಾಗುತ್ತದೆ. ಆದರೆ ಅಮ್ಮನನ್ನು ಕೇಳಿದರೆ ಒಂದೇ ಉತ್ತರ: "ಏನಿಲ್ಲ ಕಣಮ್ಮ, ಚೆನ್ನಾಗಿದ್ದೀನಿ." ಆ ಮಾತು ನಂಬಿ ನಾವು ಎರಡು ಸಲ ನಡುರಾತ್ರಿ ಆಸ್ಪತ್ರೆಗೆ ಓಡಿದ್ದೇವೆ. ಆಮೇಲೆ ಫೋನಿನಲ್ಲಿ ಲೆಕ್ಕ ಇಡಲು ಶುರು ಮಾಡಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಫೋನ್ ಕಾಯಿಲೆಯ ಹೆಸರು ಹೇಳುವುದಿಲ್ಲ. ಔಷಧ ಹೆಚ್ಚು ಕಡಿಮೆ ಮಾಡುವುದು ಡಾಕ್ಟರ ಕೆಲಸ. ಫೋನ್ ಹೇಳುವುದು ಇಷ್ಟೇ: ಇವತ್ತಿನ ಅಮ್ಮ ಹೋದ ವಾರದ ಅಮ್ಮನಿಗಿಂತ ಹೇಗಿದ್ದಾಳೆ? ಪಕ್ಕದ ಮನೆಯವರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಅಮ್ಮನಿಗೆ ಅಮ್ಮನೇ ಅಳತೆ.

ಫೋನಿನಲ್ಲಿ ಏನೇನಿದೆ ನೋಡಿಕೊಳ್ಳಿ

ದುಬಾರಿ ಫೋನ್ ಬೇಡ. ಅಲುಗಾಟ ತಿಳಿಯುವ ಅಕ್ಸೆಲೆರೋಮೀಟರ್, ಮೈಕ್, ಜಿಪಿಎಸ್, ಕ್ಯಾಮೆರಾ, ಫ್ಲ್ಯಾಶ್ ಇವಿಷ್ಟು ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲೂ ಇರುತ್ತವೆ. ನಮಗೆ ಅಷ್ಟು ಸಾಕು. ಫೈಫಾಕ್ಸ್ ಎಂಬ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಭೌತವಿಜ್ಞಾನದ ಪ್ರಯೋಗಗಳಿಗೆ ಅಂತ ಮಾಡಿದ್ದು, ಉಚಿತ. ಸೆನ್ಸರ್ ಏನು ನೋಡುತ್ತಿದೆಯೋ ಅದನ್ನು ಹಾಗೆಯೇ ಗೆರೆಯಾಗಿ ತೋರಿಸುತ್ತದೆ. ನಿಮ್ಮ ಫೋನಿನಲ್ಲಿ ಇಲ್ಲದ ಸೆನ್ಸರಿನ ಪ್ರಯೋಗಗಳು ಅದರಲ್ಲಿ ಮಸುಕಾಗಿ ಕಾಣುತ್ತವೆ. ಜೊತೆಗೆ ಗೂಗಲ್ ಫಿಟ್‌ನಂಥ ಹೆಜ್ಜೆ ಎಣಿಸುವ ಒಂದು ಆ್ಯಪ್ ಇರಲಿ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗೆ ಬ್ಯಾಟರಿ ಉಳಿಸುವ ನಿರ್ಬಂಧ ತೆಗೆಯಿರಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಎಣಿಕೆ ನಿಂತುಹೋಗಬಹುದು.

ಕ್ಯಾಮೆರಾದಿಂದ ಆಕ್ಸಿಜನ್ ಅಳೆಯುವ ಆ್ಯಪ್ ಬೇಡ

ಇದನ್ನು ಎಲ್ಲಕ್ಕಿಂತ ಮುಂಚೆ ಹೇಳಬೇಕು. ನಾವು ಇದರಲ್ಲೇ ಮೋಸ ಹೋದದ್ದು.

ಎರಡನೇ ಸಲ ಆಸ್ಪತ್ರೆಗೆ ಹೋದ ರಾತ್ರಿ, ಕ್ಯಾಮೆರಾ ಮೇಲೆ ಬೆರಳಿಟ್ಟರೆ ಆಕ್ಸಿಜನ್ ಮಟ್ಟ ಹೇಳುತ್ತೇನೆ ಅನ್ನುವ ಒಂದು ಆ್ಯಪ್ ನನ್ನ ಫೋನಿನಲ್ಲಿತ್ತು. 98 ಅಂತ ತೋರಿಸಿತು. ಅಮ್ಮ ಹಾಸಿಗೆ ಮೇಲೆ ಮುಂದಕ್ಕೆ ಬಾಗಿ ಕೂತು ಏದುಸಿರು ಬಿಡುತ್ತಿದ್ದಳು. 98 ಇದೆಯಲ್ಲ ಅಂತ ನಾನು ಒಂದು ಗಂಟೆ ಕಾದೆ. ಆಸ್ಪತ್ರೆಯ ಆಕ್ಸಿಮೀಟರ್ 84 ತೋರಿಸಿತು. ಮಾರನೇ ದಿನ ಅದೇ ಆ್ಯಪನ್ನು ತೆರೆದು ಕ್ಯಾಮೆರಾವನ್ನು ದಿಂಬಿಗೆ ಒತ್ತಿ ಹಿಡಿದೆ. ದಿಂಬಿಗೂ 97 ಬಂತು.

ಕಾರಣ ಇದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಎರಡು ಬಗೆಯ ಬೆಳಕು ಬಿಡುತ್ತದೆ. ಒಂದು ಸುಮಾರು 660 ನ್ಯಾನೋಮೀಟರ್‌ನ ಕೆಂಪು, ಇನ್ನೊಂದು ಸುಮಾರು 940ರ ಕಣ್ಣಿಗೆ ಕಾಣದ ಅವಕೆಂಪು. ಆಕ್ಸಿಜನ್ ಹೊತ್ತ ರಕ್ತ, ಹೊರದ ರಕ್ತ ಈ ಎರಡು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆ ವ್ಯತ್ಯಾಸದಿಂದ ಲೆಕ್ಕ ಬರುತ್ತದೆ. 1970ರ ದಶಕದಲ್ಲಿ ಜಪಾನಿನ ಟಕುವೊ ಅಓಯಾಗಿ ಕಂಡುಹಿಡಿದ ಉಪಾಯ ಇದು. ಫೋನಿನ ಫ್ಲ್ಯಾಶ್ ಬಿಡುವುದು ಬರೀ ಬಿಳಿ ಬೆಳಕು. ಅದರಿಂದಲೂ ಅಳೆಯಬಹುದೇ ಅಂತ ಸಂಶೋಧನೆ ನಡೆಯುತ್ತಿದೆ. ಆದರೆ ಸುಮ್ನೆ ಇಳಿಸಿಕೊಂಡ ಆ್ಯಪ್ ನಂಬಿ ಜೀವದ ನಿರ್ಧಾರ ಮಾಡಬೇಡಿ.

ಹಾಗಾಗಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ಕೊಳ್ಳಿ. ಕೋವಿಡ್ ಕಾಲದಲ್ಲಿ ಕೊಂಡದ್ದು ಮನೆಯಲ್ಲೇ ಇರಬಹುದು, ಸೆಲ್ ಬದಲಿಸಿ ನೋಡಿ. ಐದು ನಿಮಿಷ ಕೂತ ಮೇಲೆ, ಕೈ ಬೆಚ್ಚಗಿರುವಾಗ, ಅಂಕಿ ನಿಲ್ಲುವವರೆಗೆ ಕಾದು ಬರೆಯಿರಿ. ಉಗುರು ಬಣ್ಣ, ದಟ್ಟ ಮೆಹಂದಿ ಇರಬಾರದು. ಕಪ್ಪು ಮೈಬಣ್ಣದವರಲ್ಲಿ ಇದು ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಅದಕ್ಕೇ ಅಂಕಿಯ ಜೊತೆ ಮುಖವನ್ನೂ ನೋಡಬೇಕು. ಆರೋಗ್ಯವಂತರಿಗೆ 95ರಿಂದ 100 ಇರುತ್ತದೆ. ಸಿಒಪಿಡಿ ಇರುವ ಕೆಲವರಿಗೆ ಮಾಮೂಲಿ ದಿನಗಳಲ್ಲೂ ಇದಕ್ಕಿಂತ ಕಡಿಮೆ ಇರುತ್ತದೆ. ನಿಮ್ಮವರಿಗೆ ಎಷ್ಟಕ್ಕಿಂತ ಇಳಿಯಬಾರದು ಅಂತ ಡಾಕ್ಟರನ್ನು ಕೇಳಿ, ಗೋಡೆ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿಡಿ.

ಕ್ಯಾಮೆರಾದಿಂದ ನಾಡಿ ಬಡಿತ ಎಣಿಸುವುದು ಬೇರೆ ಮಾತು. ಪ್ರತಿ ಬಡಿತಕ್ಕೂ ಬೆರಳಿನ ಕೆಂಪು ಕೊಂಚ ಬದಲಾಗುತ್ತದೆ, ಅದನ್ನು ಕ್ಯಾಮೆರಾ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸಾಲ್ಬುಟಮಾಲ್ ಪಂಪ್ (ದಮ್ಮು ಬಂದಾಗ ಬಾಯಿಗೆ ಒತ್ತಿಕೊಳ್ಳುವ ತುರ್ತು ಇನ್ಹೇಲರ್) ತೆಗೆದುಕೊಂಡ ಮೇಲೆ ನಾಡಿ ಏರುತ್ತದೆ, ಕೈಯೂ ನಡುಗುತ್ತದೆ. ಪಂಪಿಗೆ ಮೊದಲೇ ಅಳೆಯಿರಿ.

ಎರಡು ವಾರ ಬರೀ ಬರೆದಿಡಿ

ಆರಾಮಾಗಿರುವ ಹೊತ್ತಿನಲ್ಲೇ ಶುರು ಮಾಡಿ. ಕಾಯಿಲೆ ಜೋರಾದಾಗ ಶುರು ಮಾಡಿದರೆ ಹೋಲಿಸಲು ಏನೂ ಇರುವುದಿಲ್ಲ. ಎರಡು ವಾರ, ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ. ನಮ್ಮದು ಬೆಳಿಗ್ಗೆ ಏಳಕ್ಕೆ, ಕಾಫಿಗೆ ಮುಂಚೆ, ನಡುಮನೆಯ ಅದೇ ಕುರ್ಚಿಯಲ್ಲಿ. ಆ ಎರಡು ವಾರದ ಅಂಕಿಗಳೇ ನಿಮ್ಮವರ ಮಾಮೂಲಿ ಮಟ್ಟ.

ನಾನು ಬರೆಯುವುದು ಇಷ್ಟು: ಆಕ್ಸಿಜನ್, ನಾಡಿ, ನಿಮಿಷಕ್ಕೆ ಉಸಿರು, ಹಿಂದಿನ ದಿನದ ಹೆಜ್ಜೆ, ರಾತ್ರಿ ಕೆಮ್ಮು, ಕಫದ ಬಣ್ಣ, ಹಿಂದಿನ ದಿನ ತುರ್ತು ಪಂಪ್ ಎಷ್ಟು ಸಲ ಒತ್ತಿದರು. ಕೊನೆಯದನ್ನು ಮಾತ್ರ ಬಿಡಲೇಬೇಡಿ. ಸೆನ್ಸರ್ ಬೇಡದ ಲೆಕ್ಕ ಅದು, ಆದರೆ ಡಾಕ್ಟರು ಮೊದಲು ಕೇಳುವುದೇ ಅದನ್ನು. ಉಬ್ಬಸ ಇರುವವರು ಪೀಕ್ ಫ್ಲೋ ಮೀಟರ್ (ಊದುವ ಗಾಳಿಯ ವೇಗ ಅಳೆಯುವ ಸಣ್ಣ ಸಾಧನ) ಅಂಕಿಯನ್ನೂ ಸೇರಿಸಿ. ನಿಂತುಕೊಂಡು ಮೂರು ಸಲ ಜೋರಾಗಿ ಊದಿ, ಹೆಚ್ಚಿನದನ್ನು ಬರೆಯಿರಿ. ಅವರ ಅತ್ಯುತ್ತಮ ಅಂಕಿಯ 80 ಶೇಕಡಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು.

ಫೋನಿನ ಮೈಕಿಗೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. 2012ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ವೇತಕ್ ಪಟೇಲ್ ತಂಡ ಸ್ಪೈರೋಸ್ಮಾರ್ಟ್ ಹೆಸರಿನಲ್ಲಿ ಅದನ್ನು ಮಾಡಿ ತೋರಿಸಿತು. ಊದುವ ಗಾಳಿಯ ಸದ್ದಿನಿಂದಲೇ ಗಾಳಿಯ ವೇಗ ಲೆಕ್ಕ ಹಾಕುವ ವಿಧಾನ. ಒಳ್ಳೆಯ ಕೆಲಸ. ಆದರೆ ಮನೆಯಲ್ಲಿ ದಿನಾ ನಂಬುವುದಕ್ಕೆ ಕೆಲವು ನೂರು ರೂಪಾಯಿಯ ಪೀಕ್ ಫ್ಲೋ ಮೀಟರೇ ಮೇಲು.

ನಡಿಗೆ: ಫೋನ್ ಎಲ್ಲಕ್ಕಿಂತ ಚೆನ್ನಾಗಿ ಹೇಳುವ ವಿಷಯ

ಉಸಿರು ಸಾಲದಾಗ ಮೊದಲು ಕುಗ್ಗುವುದು ಕಾಲು. ಹೆಜ್ಜೆ ಚಿಕ್ಕದಾಗುತ್ತದೆ, ಹೆಜ್ಜೆಗಳ ನಡುವಿನ ಹೊತ್ತು ಹೆಚ್ಚುತ್ತದೆ, ಮಧ್ಯೆ ಮಧ್ಯೆ ನಿಲ್ಲುತ್ತಾರೆ. ಸೊಂಟದ ಹತ್ತಿರ ಇಟ್ಟ ಫೋನಿನ ಅಕ್ಸೆಲೆರೋಮೀಟರ್ ಇದನ್ನು ಕಾಣುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಶಾಟ್ಜ್ ಮತ್ತು ಸಂಗಡಿಗರು ಶ್ವಾಸಕೋಶದ ರೋಗಿಗಳಿಗೆ ಸಾಮಾನ್ಯ ಫೋನ್ ಕೊಟ್ಟು ನಡೆಸಿ, ನಡಿಗೆಯ ಲಯದಿಂದಲೇ ಅವರ ಸ್ಥಿತಿ ತಿಳಿಯಬಹುದೇ ಅಂತ ವರ್ಷಗಟ್ಟಲೆ ನೋಡಿದ್ದಾರೆ. ಅಷ್ಟು ಸೂಕ್ಷ್ಮ ಲೆಕ್ಕ ನಮಗೆ ಬೇಕಿಲ್ಲ. ದಿನದ ಹೆಜ್ಜೆ ಮತ್ತು ವಾರದ ಒಂದು ನಡಿಗೆ, ಎರಡೇ ಸಾಕು.

ದಿನದ ಹೆಜ್ಜೆಯಿಂದ ಶುರು ಮಾಡೋಣ. ಇಲ್ಲಿ ಒಂದು ತೊಡಕು. ಸೀರೆ ಉಡುವ ಅಮ್ಮಂದಿರಿಗೆ ಜೇಬಿಲ್ಲ. ಫೋನ್ ಟಿವಿ ಮೇಲಿರುತ್ತದೆ, ಅಮ್ಮ ಹಿತ್ತಲಲ್ಲಿರುತ್ತಾಳೆ. ಒಂದು ವಾರ ನನ್ನ ಲೆಕ್ಕದಲ್ಲಿ ಅಮ್ಮ ದಿನಕ್ಕೆ ಇನ್ನೂರು ಹೆಜ್ಜೆ ನಡೆದಿದ್ದಳು! ಕೊನೆಗೆ ನಮ್ಮಜ್ಜಿ ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದಂಥ ಸಂಚಿಯನ್ನು ಫೋನಿನ ಅಳತೆಗೆ ಹೊಲಿಸಿದೆ. ಬೆಳಿಗ್ಗೆ ಸೊಂಟಕ್ಕೆ ಸಿಕ್ಕಿಸಿದರೆ ಮಲಗುವಾಗ ತೆಗೆಯುತ್ತಾಳೆ. ದಿನಾ ಅದೇ ಕಡೆ ಇರಬೇಕು. ಇವತ್ತು ಕೈಯಲ್ಲಿ, ನಾಳೆ ಸೊಂಟದಲ್ಲಿ ಅಂದರೆ ಅಂಕಿ ಹೊಂದುವುದಿಲ್ಲ. ಹಬ್ಬ, ಮಳೆ, ನೆಂಟರು ಬಂದ ದಿನ ಹೆಜ್ಜೆ ಹೆಚ್ಚು ಕಡಿಮೆ ಆಗುವುದು ಸಹಜ. ಬೇರೆ ಕಾರಣವಿಲ್ಲದೆ ಮೂರು ದಿನ ಸತತವಾಗಿ ಮಾಮೂಲಿಗಿಂತ ಮೂರನೇ ಒಂದು ಭಾಗ ಇಳಿದರೆ ನಾನು ಎಚ್ಚರವಾಗುತ್ತೇನೆ. ಇದು ನಮ್ಮ ಮನೆಯ ಲೆಕ್ಕ, ನಿಮ್ಮದನ್ನು ಡಾಕ್ಟರ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಿ.

ಇನ್ನು ವಾರದ ನಡಿಗೆ. ಆಸ್ಪತ್ರೆಗಳಲ್ಲಿ ಆರು ನಿಮಿಷದ ನಡಿಗೆ ಅಂತ ಒಂದು ಪರೀಕ್ಷೆ ಇದೆ. 30 ಮೀಟರ್ ಸಮತಟ್ಟು ಜಾಗದಲ್ಲಿ ಆರು ನಿಮಿಷ ಹೋಗಿ ಬಂದು ಒಟ್ಟು ಎಷ್ಟು ದೂರ ಆಯಿತು ಅಂತ ನೋಡುತ್ತಾರೆ. ಮನೆಯಲ್ಲಿ ಮಾಡಿಸುವ ಮೊದಲು ಡಾಕ್ಟರ ಒಪ್ಪಿಗೆ ಬೇಕೇ ಬೇಕು. ಇತ್ತೀಚೆಗೆ ಹೃದಯಾಘಾತ ಆದವರಿಗೆ, ಎದೆನೋವು ಬರುತ್ತಿರುವವರಿಗೆ, ಕೂತಾಗಲೇ ಆಕ್ಸಿಜನ್ ಕಡಿಮೆ ಇರುವವರಿಗೆ ಇದು ಬೇಡ.

ನಾವು ಮಾಡುವುದು ಹೀಗೆ. ಮನೆ ಮುಂದಿನ ಸಿಮೆಂಟ್ ರಸ್ತೆಯಲ್ಲಿ ಟೇಪು ಹಿಡಿದು 30 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಎಳೆದಿದ್ದೇವೆ. ಭಾನುವಾರ ಬೆಳಿಗ್ಗೆ, ಬಂಡಿ ಗಾಡಿ ಓಡಾಡುವ ಮುಂಚೆ. ಅಮ್ಮ ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳುತ್ತಾಳೆ. ಆಕ್ಸಿಜನ್, ನಾಡಿ ಬರೆದುಕೊಳ್ಳುತ್ತೇನೆ. ಫೋನ್ ಸಂಚಿಯಲ್ಲಿ, ಪಂಪ್ ನನ್ನ ಕೈಯಲ್ಲಿ. ಹತ್ತಿರದಲ್ಲಿ ಒಂದು ಕುರ್ಚಿ. ಗಡಿಯಾರ ಶುರು. ಅಮ್ಮ ತನಗಾದಷ್ಟು ಬೇಗ ನಡೆಯುತ್ತಾಳೆ, ಓಡುವುದಿಲ್ಲ. ನಿಲ್ಲಬೇಕೆನಿಸಿದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನಾನು ಜೊತೆಜೊತೆಗೆ ನಡೆಯುವುದಿಲ್ಲ, ಹಾಗೆ ಮಾಡಿದರೆ ನನ್ನ ವೇಗಕ್ಕೆ ಅವಳು ಹೊಂದಿಕೊಳ್ಳುತ್ತಾಳೆ. ಆರು ನಿಮಿಷ ಆದಾಗ ನಿಂತಲ್ಲೇ ಗುರುತು ಹಾಕಿ ದೂರ ಲೆಕ್ಕ ಹಾಕುತ್ತೇವೆ. ಮತ್ತೆ ಆಕ್ಸಿಜನ್, ನಾಡಿ. ಎದೆನೋವು, ತಲೆಸುತ್ತು, ತಡೆಯಲಾರದ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ಕೂರಿಸಬೇಕು.

ಇಲ್ಲಿ ಜಿಪಿಎಸ್ ನಂಬಬೇಡಿ. ಬಯಲಿನಲ್ಲೂ ಅದು ಕೆಲವು ಮೀಟರ್ ತಪ್ಪುತ್ತದೆ. 30 ಮೀಟರ್‌ನಲ್ಲಿ ಹತ್ತು ಸಲ ತಿರುಗಿದರೆ ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಸುತ್ತು ಎಣಿಸುವುದೇ ಸರಿ. ಜಿಪಿಎಸ್ ಬೇಕೆಂದರೆ ತಿರುವಿಲ್ಲದ ನೇರ ದಾರಿ ಹುಡುಕಿ. ನಮ್ಮ ಕಡೆ ಅದಕ್ಕೆ ಕೆರೆ ಏರಿಗಿಂತ ಒಳ್ಳೆಯ ಜಾಗ ಇಲ್ಲ. ಕೋಲಾರದವರಿಗೆ ಕೋಲಾರಮ್ಮನ ಕೆರೆ, ಚಿಕ್ಕಬಳ್ಳಾಪುರದವರಿಗೆ ಕಂದವಾರ ಕೆರೆ, ತುಮಕೂರಿನವರಿಗೆ ಅಮಾನಿಕೆರೆ. ಮೇಲೆ ಬಯಲು ಆಕಾಶ, ನೆಲ ಸಮತಟ್ಟು.

ಎಷ್ಟು ಇಳಿದರೆ ಚಿಂತೆ? ಸುಮಾರು 30 ಮೀಟರ್ ವ್ಯತ್ಯಾಸವನ್ನು ವೈದ್ಯರು ಗಣನೆಗೆ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಕಡಿಮೆ ಏರಿಳಿತ ಮಾಮೂಲಿ. ಮೊದಲ ಎರಡು ನಡಿಗೆಯನ್ನು ಹೋಲಿಕೆಗೆ ಬಳಸಬೇಡಿ, ಅಭ್ಯಾಸದಿಂದಲೇ ದೂರ ಹೆಚ್ಚುತ್ತದೆ. ಅಮ್ಮನದು 310ರ ಆಸುಪಾಸು. ಒಂದು ಭಾನುವಾರ 262 ಬಂತು. "ನಿನ್ನೆ ನಿದ್ದೆ ಇರಲಿಲ್ಲ, ಅದಕ್ಕೇ" ಅಂದಳು. ಮಾತಾಡದೆ ಸೋಮವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸೋಂಕು ಶುರುವಾಗಿತ್ತು. ಐದು ದಿನದ ಮಾತ್ರೆಯಲ್ಲಿ ಮುಗಿಯಿತು. ಆ ಸಲ ನಡುರಾತ್ರಿ ಓಡಲಿಲ್ಲ.

ನಡೆಯಲು ಜಾಗವೇ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಒಂದು ನಿಮಿಷದಲ್ಲಿ ಎಷ್ಟು ಸಲ ಕೂತು ಎದ್ದರು ಅಂತ ಎಣಿಸುವುದು. ಕೈ ಊರಬಾರದು. ಇದಕ್ಕೂ ಅದೇ ಎಚ್ಚರ, ಅದೇ ಒಪ್ಪಿಗೆ ಬೇಕು.

ಹೊಟ್ಟೆಯ ಮೇಲೆ ಫೋನಿಟ್ಟು ಉಸಿರು ಎಣಿಸಿ

ನಾನು ಉಸಿರು ಎಣಿಸುತ್ತಿದ್ದೇನೆ ಅಂತ ಗೊತ್ತಾದರೆ ಉಸಿರೇ ಬದಲಾಗುತ್ತದೆ. ಅದಕ್ಕೇ ಈ ಉಪಾಯ. ಅಮ್ಮನನ್ನು ದಿಂಬಿಗೆ ಒರಗಿಸಿ ಅರ್ಧ ಕೂತ ಹಾಗೆ ಮಲಗಿಸಿ. ಪೂರ್ತಿ ಅಂಗಾತ ಮಲಗಿದರೆ ಸಿಒಪಿಡಿ ಇರುವ ಹಲವರಿಗೆ ಕಷ್ಟ. ಪಕ್ಕೆಲುಬಿನ ಕೆಳಗೆ, ಹೊಟ್ಟೆ ಮೇಲೆ ಫೋನಿಡಿ. ಫೋನಿನ ತಲೆ ಎದೆಯ ಕಡೆಗೆ. ಫೈಫಾಕ್ಸ್‌ನಲ್ಲಿ ಗುರುತ್ವವನ್ನೂ ಸೇರಿಸಿ ಅಳೆಯುವ ಅಕ್ಸೆಲೆರೇಶನ್ ಪ್ರಯೋಗ ತೆರೆದು ಶುರು ಒತ್ತಿ. ಎರಡು ನಿಮಿಷ ಬಿಡಿ, ಬೇರೆ ಮಾತಾಡುತ್ತಿರಿ. ಅವರು ಸುಮ್ಮನೆ ಕೇಳುತ್ತಿರಲಿ, ಉತ್ತರ ಕೊಡಬೇಕಿಲ್ಲ.

ಮೂರು ಗೆರೆ ಬರುತ್ತದೆ. ನೋಡಬೇಕಾದ್ದು ವೈ ಗೆರೆ. ಉಸಿರಾಡುವಾಗ ಹೊಟ್ಟೆ ಏರಿ ಇಳಿದು ಫೋನ್ ಕೊಂಚ ವಾಲುತ್ತದೆ. ವಾಲಿದಾಗ ಭೂಮಿ ಎಳೆಯುವ ಬಲದ ಪಾಲು ಉದ್ದದ ದಿಕ್ಕಿನಲ್ಲಿ ಬದಲಾಗುತ್ತದೆ. ಅದೇ ಅಲೆಯಾಗಿ ಕಾಣುತ್ತದೆ. ಎರಡನೇ ನಿಮಿಷದ ಉಬ್ಬುಗಳನ್ನು ಎಣಿಸಿ. ಒಂದು ಉಬ್ಬು ಒಂದು ಉಸಿರು. ವಿಶ್ರಾಂತಿಯಲ್ಲಿ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ಇದೆಲ್ಲ ಗೋಜಲು ಅನ್ನಿಸಿದರೆ ಒಂದು ನಿಮಿಷ ಎದೆಯ ವಿಡಿಯೊ ತೆಗೆದು ಆಮೇಲೆ ಎಣಿಸಿ. ಅದೂ ಅಷ್ಟೇ ಸರಿ.

ಮೈಕ್ ಕೇಳುವುದನ್ನು ಕೇಳಿ

ವಾರಕ್ಕೆರಡು ರಾತ್ರಿ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಚಾರ್ಜರಿಗೆ ಸಿಕ್ಕಿಸಿ, ತಲೆಯಿಂದ ಒಂದು ಮೊಳ ದೂರದ ಸ್ಟೂಲಿನ ಮೇಲಿಡಿ. ವಾಯ್ಸ್ ರೆಕಾರ್ಡರ್ ಆನ್ ಮಾಡಿ. ಬೆಳಿಗ್ಗೆ ಎಂಟು ಗಂಟೆಯ ಸದ್ದನ್ನು ಪೂರ್ತಿ ಕೇಳಬೇಕಿಲ್ಲ. ರೆಕಾರ್ಡರ್ ತೋರಿಸುವ ಸದ್ದಿನ ಗೆರೆಯಲ್ಲಿ ಕೆಮ್ಮು ಚೂಪಾದ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಅಂಥ ಕಡೆ ಮಾತ್ರ ಕೇಳಿ. ನಾಯಿ ಬೊಗಳಿದ್ದೂ ಮುಳ್ಳಿನ ಹಾಗೇ ಇರುತ್ತದೆ. ಉಬ್ಬಸದವರಿಗೆ ಬೆಳಗಿನ ಜಾವ ಮೂರರಿಂದ ಐದರವರೆಗೆ ಹೆಚ್ಚು ಗಮನ ಕೊಡಿ, ಕಷ್ಟ ಜಾಸ್ತಿಯಾಗುವ ಹೊತ್ತು ಅದು. ಕೆಮ್ಮು ಎಣಿಸುವ ಆ್ಯಪ್‌ಗಳೂ ಇವೆ. ಆದರೆ ಮಲಗುವ ಕೋಣೆಯ ಸದ್ದು ಎಲ್ಲಿಗೆ ಹೋಗುತ್ತದೆ ಅಂತ ಓದಿ ನೋಡದೆ ಅನುಮತಿ ಕೊಡಬೇಡಿ.

ಹಗಲಿನಲ್ಲಿ ನಾವು ಇನ್ನೊಂದು ಮಾಡುತ್ತೇವೆ. ಆಳವಾಗಿ ಉಸಿರು ತೆಗೆದುಕೊಂಡು ಒಂದರಿಂದ ಮೂವತ್ತರವರೆಗೆ ಒಂದೇ ಉಸಿರಿಗೆ ಎಣಿಸುವುದು, ಅದನ್ನು ರೆಕಾರ್ಡ್ ಮಾಡುವುದು. ಅಮ್ಮ ಒಳ್ಳೆಯ ದಿನ 'ಹತ್ತೊಂಬತ್ತು' ಮುಟ್ಟುತ್ತಾಳೆ. ಆ ಕೆಟ್ಟ ಭಾನುವಾರ 'ಹನ್ನೊಂದ'ಕ್ಕೆ ನಿಂತಿತು. ಇದರಿಂದ ಆಕ್ಸಿಜನ್ ಎಷ್ಟಿದೆ ಅಂತ ಹೇಳಲಾಗದು. ಅವರನ್ನು ಅವರ ಜೊತೆ ಹೋಲಿಸಲು ಮಾತ್ರ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ, ಕಫದಲ್ಲಿ ರಕ್ತ ಕಂಡರೆ, ದಮ್ಮಿನದೇ ಇರಬೇಕು ಅಂದುಕೊಂಡು ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ.

ಪಂಪ್ ಒತ್ತುವುದನ್ನು ಒಮ್ಮೆ ವಿಡಿಯೊ ತೆಗೆಯಿರಿ

ಅಮ್ಮ ಒಂದು ವರ್ಷ ತಪ್ಪಾಗಿ ಪಂಪ್ ತೆಗೆದುಕೊಳ್ಳುತ್ತಿದ್ದಳು. ಮೊದಲು ಉಸಿರು ಎಳೆದು, ಆಮೇಲೆ ಒತ್ತುತ್ತಿದ್ದಳು. ಔಷಧವೆಲ್ಲ ನಾಲಿಗೆ ಮೇಲೆ. ವಿಡಿಯೊ ತೋರಿಸಿದಾಗ ಡಾಕ್ಟರು ಹತ್ತು ಸೆಕೆಂಡಿನಲ್ಲಿ ಹಿಡಿದರು. ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಕೊಟ್ಟರು. ಪಕ್ಕದಿಂದ, ಬಾಯಿ ಮತ್ತು ಕೈ ಎರಡೂ ಕಾಣುವ ಹಾಗೆ ತೆಗೆಯಿರಿ. ಫೋನಿನಿಂದ ನಮಗಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

ಗಾಳಿಯ ಲೆಕ್ಕ

ಫೋನಿನಲ್ಲಿ ದೂಳು ಅಳೆಯುವ ಸೆನ್ಸರ್ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ, ಗಾಳಿಯ ಗುಣಮಟ್ಟದ ಸೂಚ್ಯಂಕ ತೋರಿಸುವ ಸಮೀರ್ ಆ್ಯಪ್ ಇಟ್ಟುಕೊಳ್ಳಿ. ತುಮಕೂರಿನ ತಿಮ್ಮಲಾಪುರ, ಕೋಲಾರದ ಟಮಕ, ಚಿಕ್ಕಬಳ್ಳಾಪುರ ಗ್ರಾಮಾಂತರದಲ್ಲಿ ಅಳೆಯುವ ಕೇಂದ್ರಗಳಿವೆ. ಸೂಚ್ಯಂಕ 100ರೊಳಗೆ ಇದ್ದರೆ ನೆಮ್ಮದಿ. 200 ದಾಟಿದರೆ ಅಮ್ಮ ಹೊರಗೆ ನಡೆಯುವುದಿಲ್ಲ.

ಆದರೆ ನಿಮ್ಮ ಬೀದಿಯ ದೂಳು ಆ ಕೇಂದ್ರಕ್ಕೆ ಕಾಣುವುದಿಲ್ಲ. ಜಲ್ಲಿ ಕ್ರಷರ್, ಮಾಲೂರಿನ ಇಟ್ಟಿಗೆ ಗೂಡು, ಗಾಳಿ ಬೀಸುವ ತಿಂಗಳಲ್ಲಿ ಕೆಜಿಎಫ್‌ನ ಚಿನ್ನದ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಏಳುವ ದೂಳು, ಹೂವಾದ ಕಾಂಗ್ರೆಸ್ ಗಿಡ, ರಸ್ತೆ ಮೇಲೆ ಹರಡಿದ ರಾಗಿ ತೆನೆ. ಇವನ್ನು ನೀವೇ ಬರೆಯಬೇಕು. ಪ್ರತಿ ದಿನದ ಅಂಕಿಯ ಪಕ್ಕ ಎರಡು ಪದ ಸಾಕು: 'ಪಕ್ಕದಲ್ಲಿ ಒಕ್ಕಣೆ', 'ಕಸ ಸುಟ್ಟರು', 'ಜೋರು ಮಂಜು'.

ಯಾವಾಗ ಏನು ಮಾಡಬೇಕು

ಕೆಳಗಿನ ಎರಡು ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ನಿಮ್ಮವರಿಗೆ ತಕ್ಕ ಹಾಗೆ ತಿದ್ದಿಸಿಕೊಳ್ಳಿ. ತುರ್ತು ಪಂಪ್ ಮಾಮೂಲಿಗಿಂತ ಹೆಚ್ಚು ಬೇಕಾದರೆ, ಕಫ ಹಳದಿ ಹಸಿರಾದರೆ, ನಡಿಗೆ 30 ಮೀಟರ್‌ಗಿಂತ ಹೆಚ್ಚು ಇಳಿದರೆ, ಆಕ್ಸಿಜನ್ ಮಾಮೂಲಿಗಿಂತ ಮೂರು ಅಂಕಿ ಕೆಳಗಿದ್ದರೆ, ಅವತ್ತೇ ಅಥವಾ ಮಾರನೇ ದಿನ ಡಾಕ್ಟರನ್ನು ಕಾಣಬೇಕು.

ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ಉಗುರು ನೀಲಿಯಾದರೆ, ನಿಮಿಷಕ್ಕೆ 30 ಉಸಿರು ದಾಟಿದರೆ, ಆಕ್ಸಿಜನ್ ಡಾಕ್ಟರು ಹೇಳಿದ ಗಡಿಗಿಂತ ಇಳಿದರೆ, ಮಂಕು ಕವಿದ ಹಾಗೆ ತೂಕಡಿಸಿದರೆ, ಪಂಪ್ ಒತ್ತಿದರೂ ಹಿಡಿತ ಬಿಡದಿದ್ದರೆ, 108ಕ್ಕೆ ಫೋನ್ ಮಾಡಿ. ಆಗ ಫೋನಿನ ಕೆಲಸ ಅದೊಂದೇ. ಇನ್ನೊಮ್ಮೆ ಅಳೆದು ನೋಡೋಣ ಅಂತ ಕೂರಬೇಡಿ, ನಾನು ಕೂತ ಹಾಗೆ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ ನೀವೇ ತಿರುಗಿಸಿ ಹೆಚ್ಚು ಮಾಡಬೇಡಿ. ಸಿಒಪಿಡಿ ಇರುವ ಕೆಲವರಲ್ಲಿ ಅತಿಯಾದ ಆಕ್ಸಿಜನ್‌ನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಅಪಾಯವಾಗುತ್ತದೆ.

ಡಾಕ್ಟರ ಮುಂದೆ

ಆ್ಯಪ್ ತೆರೆದು ತೋರಿಸುತ್ತಾ ಕೂರಬೇಡಿ. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ತಿಂಗಳಿಗೊಂದು ಹಾಳೆ ಮಾಡಿ. ಮೇಲೆ ಮಾಮೂಲಿ ಮಟ್ಟ, ಕೆಳಗೆ ಅದರಿಂದ ಜಾರಿದ ದಿನಗಳು ಮಾತ್ರ, ಪಕ್ಕದಲ್ಲಿ ಆ ದಿನದ ಎರಡು ಪದ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿ.

ನಮ್ಮ ಹಾಳೆ ನೋಡಿದ ಡಾಕ್ಟರು ಬೆರಳಿಟ್ಟದ್ದು ಜನವರಿಯ ಮೂರನೇ ವಾರದ ಮೇಲೆ. "ಎರಡು ವರ್ಷವೂ ಇದೇ ವಾರ ಜಾರಿದೆ. ಏನಮ್ಮ ಇರುತ್ತೆ ಆಗ?" ಅಂದರು. ನಾನು ಪಕ್ಕದ ಪದ ಓದಿದೆ. ಎರಡು ವರ್ಷವೂ ಒಂದೇ: 'ಹಿಂದಿನ ಹೊಲದಲ್ಲಿ ರಾಗಿ ಒಕ್ಕಣೆ'. ನಮ್ಮ ಮನೆ ಊರಾಚೆ, ಕಣ ಇರುವುದು ಅಡುಗೆಮನೆ ಕಿಟಕಿಯಿಂದ ಐವತ್ತು ಹೆಜ್ಜೆಗೆ.

ಈ ಸಲ ಹಬ್ಬ ಮುಗಿದ ಕೂಡಲೇ ಅಮ್ಮ ಚಿಂತಾಮಣಿ ಪೇಟೆಯಲ್ಲಿರುವ ಅಕ್ಕನ ಮನೆಗೆ ಹೊರಡುತ್ತಾಳೆ. ಒಕ್ಕಣೆ ಮುಗಿಯುವವರೆಗೆ ಅಲ್ಲೇ. ಅಕ್ಕನ ಬೀದಿಯಲ್ಲಿ 30 ಮೀಟರ್ ಅಳೆಯಲು ಟೇಪನ್ನೂ, ಆಕ್ಸಿಮೀಟರನ್ನೂ ಸಂಚಿಯ ಜೊತೆ ಅವಳ ಚೀಲಕ್ಕೆ ಹಾಕಿದ್ದೇನೆ.